ಮನೆಯೊಳಗೆ ಚೆರ್ರಿ ಟೊಮೆಟೊ: ಗಿಡ ಉದ್ದುದ್ದ ಹೋಗ್ತಿದೆ, ಹೂವೆಲ್ಲ ಉದುರ್ತಿದೆ, ಏನು ಹಾಕಬೇಕು?

ಗೀತಾ_ನಾಗರಭಾವಿ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಈಗ ಕೇಳಲೇಬೇಕಾಗಿದೆ. ನಮ್ಮದು ಬೆಂಗಳೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಬಾಲ್ಕನಿ ಅಂತ ಒಂದಿದೆ, ಅದರಲ್ಲಿ ವಾಷಿಂಗ್ ಮೆಷಿನ್ ಕೂತಿದೆ. ಹಾಗಾಗಿ ಹಾಲ್‌ನ ದಕ್ಷಿಣದ ಕಿಟಕಿ ಪಕ್ಕ ಮೂರು ಕುಂಡದಲ್ಲಿ ಚೆರ್ರಿ ಟೊಮೆಟೊ ಹಾಕಿದ್ದೇನೆ. ಮೇ ತಿಂಗಳಲ್ಲಿ ಬೀಜ ಹಾಕಿದ್ದು. ಪ್ಯಾಕೆಟ್ ಮೇಲೆ ಬರೀ "ಚೆರ್ರಿ ರೆಡ್" ಅಂತಿತ್ತು, ತಳಿಯ ಹೆಸರಿಲ್ಲ. ಈಗ ಆಗಸ್ಟ್ ಬಂತು, ಗಿಡ ನನ್ನ ಎದೆಮಟ್ಟ ಇದೆ, ಆದರೆ ಕಾಂಡ ಪೆನ್ಸಿಲ್‌ಗಿಂತ ಸಣ್ಣ, ಪೂರ್ತಿ ಕಿಟಕಿ ಕಡೆ ವಾಲಿಕೊಂಡಿದೆ, ದಾರ ಕಟ್ಟಿ ಗ್ರಿಲ್‌ಗೆ ನಿಲ್ಲಿಸಿದ್ದೇನೆ. ಹೂವು ಬರುತ್ತದೆ, ಎರಡು ಮೂರು ದಿನ ಇರುತ್ತದೆ, ಆಮೇಲೆ ತೊಟ್ಟಿನ ಗಂಟು ಹಳದಿಯಾಗಿ ಹೂವು ಹಾಗೇ ಕಳಚಿ ಬೀಳುತ್ತದೆ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಮೊಟ್ಟೆ ಸಿಪ್ಪೆ, ಎಪ್ಸಮ್ ಸಾಲ್ಟ್, ಅಕ್ಕಿ ತೊಳೆದ ನೀರು ಎಲ್ಲ ಆಯ್ತು. ಇನ್ನೇನು ಹಾಕಲಿ?

ಎರೆಹುಳು
ಏನೂ ಹಾಕಬೇಡಿ ಮೇಡಂ. ಗೊಬ್ಬರದ ಮಾತು ಆಮೇಲೆ. ನೀವು ಹೇಳಿದ ಎಲ್ಲ ಲಕ್ಷಣಕ್ಕೂ ಮೊದಲ ಕಾರಣ ಒಂದೇ, ಬೆಳಕು ಸಾಲದು. ಉದ್ದ ಹೋಗಿ ವಾಲಿರುವುದು ಬೆಳಕು ಹುಡುಕಿಕೊಂಡು. ಹೂವು ಬಿಡುವುದು, ಕಾಯಿಗೆ ಬೇಕಾದಷ್ಟು ಸಕ್ಕರೆ ತಯಾರಾಗದೆ ಗಿಡವೇ ಅದನ್ನು ಕೈಬಿಡುವುದು, ಇದು ಒಳಗೆ ಬೆಳೆಸುವ ಟೊಮೆಟೊದಲ್ಲಿ ಮಾಮೂಲಿ.

ಫೋನ್‌ನಲ್ಲಿ ಲಕ್ಸ್, ಅಂದರೆ ಬೆಳಕಿನ ಪ್ರಮಾಣ, ಅಳೆಯುವ ಆ್ಯಪ್ ಸಿಗುತ್ತದೆ, ಪುಕ್ಕಟೆ. ಅಷ್ಟೇನೂ ನಿಖರ ಅಲ್ಲ, ಅಂದಾಜಿಗೆ ಸಾಕು. ಹೊರಗೆ ನೇರ ಬಿಸಿಲು ಒಂದು ಲಕ್ಷ ಲಕ್ಸ್ ಹತ್ತಿರ ಇರುತ್ತದೆ. ಮೋಡ ಕವಿದ ದಿನ ಹೊರಗೇ ಹತ್ತಿಪ್ಪತ್ತು ಸಾವಿರಕ್ಕೆ ಇಳಿಯುತ್ತದೆ. ಅದೇ ದಿನ ಕಿಟಕಿಯ ಒಳಗೆ ಹಿಡಿದು ನೋಡಿ, ಒಂದೋ ಎರಡೋ ಸಾವಿರ. ಅಲ್ಲಿಂದ ಮೂರಡಿ ಹಿಂದೆ ಸರಿದರೆ ನೂರುಗಳಲ್ಲಿ ಬರುತ್ತದೆ. ನಮ್ಮ ಕಣ್ಣಿಗೆ ಹಾಲ್ ತುಂಬ ಬೆಳಕಿದೆ ಅನ್ನಿಸುತ್ತದೆ, ಕಣ್ಣು ಹೊಂದಿಕೊಳ್ಳುತ್ತದೆ, ಗಿಡ ಹೊಂದಿಕೊಳ್ಳಲ್ಲ.

ಇನ್ನೊಂದು ವಿಷಯ. ದಕ್ಷಿಣದ ಕಿಟಕಿ ಒಳ್ಳೆಯದು ಅನ್ನುವ ಮಾತು ಯುರೋಪ್, ಅಮೆರಿಕದವರು ಬರೆದಿದ್ದು, ಅವರಿಗೆ ಅದು ಸರಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಶೂನ್ಯ ನೆರಳಿನ ದಿನ, ಅಂದರೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವ ದಿನ, ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಅಂದರೆ ನೀವು ಬೀಜ ಹಾಕಿದ ದಿನದಿಂದ ಇವತ್ತಿನವರೆಗೆ ಆ ಕಿಟಕಿಗೆ ನೇರ ಬಿಸಿಲೇ ಬಿದ್ದಿಲ್ಲ. ಮೇಲಿಂದ ಮಳೆಗಾಲದ ಮೋಡ ಬೇರೆ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಅದೇ ಕಿಟಕಿ ಚೆನ್ನಾಗಿರುತ್ತದೆ, ಎದುರಿಗೆ ಬೇರೆ ಕಟ್ಟಡ ಇಲ್ಲದಿದ್ದರೆ.

ಹಿತ್ತಲಮನೆ
ನನಗೊಂದು ಅರ್ಥವಾಗುವುದಿಲ್ಲ. ಟೊಮೆಟೊ ಬಿಸಿಲಿನ ಬೆಳೆ. ನಮ್ಮೂರಲ್ಲಿ ಪಾತ್ರೆ ತೊಳೆದ ನೀರು ಹೋಗುವ ಜಾಗದಲ್ಲಿ ಗೋಲಿ ಗಾತ್ರದ ಟೊಮೆಟೊ ತಾನಾಗಿ ಹುಟ್ಟಿ, ಯಾರೂ ಕೇಳದೆ, ಬೇಲಿ ಮೇಲೆಲ್ಲ ಹಬ್ಬಿ ಕಾಯಿ ಬಿಡುತ್ತದೆ. ಅದನ್ನು ಹಾಲ್‌ನಲ್ಲಿ ಸೋಫಾ ಪಕ್ಕ ಇಟ್ಟುಕೊಂಡು ಯಾಕೆ ಒದ್ದಾಡುವುದು? ತಾರಸಿಗೆ ಒಯ್ದು ಇಡಿ, ಎಲ್ಲ ಸರಿಹೋಗುತ್ತದೆ.

ಗೀತಾ_ನಾಗರಭಾವಿ
ತಾರಸಿ ಬಾಗಿಲಿಗೆ ಓನರ್ ಬೀಗ ಹಾಕಿದ್ದಾರೆ ಸರ್. ಕೇಳಿ ನೋಡಿದೆ, ಕುಂಡ ಇಟ್ಟರೆ ನೀರು ಇಳಿದು ಮೋಲ್ಡ್ ಹಾಳಾಗುತ್ತೆ ಅಂದರು. ಜಾಗ ಇದ್ದಿದ್ದರೆ ನಾನೂ ಹೊರಗೇ ಇಡುತ್ತಿದ್ದೆ ಅಲ್ವಾ.

ಹಿತ್ತಲಮನೆ
ಹಾಗಾದರೆ ಸೊಪ್ಪು ಹಾಕಿಕೊಳ್ಳಿ ಅಂತ ನನ್ನ ಅಭಿಪ್ರಾಯ. ಪುದೀನ, ಕೊತ್ತಂಬರಿ. ಅವಕ್ಕೆ ಇಷ್ಟು ಬೆಳಕು ಬೇಡ.

ಮ್ಯೂನಿಕ್_ಕನ್ನಡಿಗ
ಹಿತ್ತಲಮನೆ ಸರ್, ಹೊರಗೆ ಬೆಳೆಯುವ ಹಾಗಿದ್ದರೆ ಒಳಗೆ ಯಾರೂ ಬೆಳೆಯಲ್ಲ, ಒಪ್ಪಿದೆ. ಆದರೆ ಇಲ್ಲಿ ಡಿಸೆಂಬರ್‌ನಲ್ಲಿ ಬೆಳಿಗ್ಗೆ ಎಂಟಕ್ಕೆ ಸೂರ್ಯ ಹುಟ್ಟಿ ಸಂಜೆ ನಾಲ್ಕೂವರೆಗೆ ಮುಂಚೆ ಮುಳುಗುತ್ತಾನೆ, ನಡು ಮಧ್ಯಾಹ್ನವೂ ಮರದೆತ್ತರ ಮೇಲೇಳಲ್ಲ. ಹೊರಗೆ ಹಿಮ. ಆ ಕಾಲದಲ್ಲೂ ನನ್ನ ಅಡುಗೆಮನೆ ಕಪಾಟಿನಲ್ಲಿ ಟೊಮೆಟೊ ಹಣ್ಣಾಗುತ್ತದೆ, ಪೂರ್ತಿ ಎಲ್‌ಇಡಿ ಬೆಳಕಲ್ಲೇ.

ಗೀತಾ ಅವರೇ, ನಿಮ್ಮ ಮೂಲ ತೊಂದರೆ ಬೆಳಕಿನ ಜೊತೆಗೆ ತಳಿಯದ್ದೂ ಇದೆ. ಅಂಗಡಿಯಲ್ಲಿ "ಚೆರ್ರಿ" ಅಂತ ಸಿಗುವ ಬೀಜ ಹೆಚ್ಚಿನದು ಬಳ್ಳಿ ಜಾತಿ. ಅದು ಬೆಳೆಯುತ್ತಲೇ ಹೋಗುತ್ತದೆ, ಆರಡಿ, ಎಂಟಡಿ, ನಿಲ್ಲುವುದೇ ಇಲ್ಲ. ಜಪಾನಿನ ಸನ್‌ಗೋಲ್ಡ್ ಅನ್ನುವ ಬಳ್ಳಿ ತಳಿ ಇದೆ, ರುಚಿಯಲ್ಲಿ ಅದನ್ನು ಮೀರಿಸಿದ್ದು ನಾನು ತಿಂದಿಲ್ಲ, ಆದರೂ ಅದನ್ನು ರೂಮಿನೊಳಗೆ ಸಾಕುವುದು ಬೇಡ. ಒಳಗಡೆಗೆ ಕುಳ್ಳ ತಳಿ ಬೇಕು. ಮೈಕ್ರೋ ಟಾಮ್ ಅಂತಿದೆ, ಫ್ಲಾರಿಡಾ ವಿಶ್ವವಿದ್ಯಾಲಯದವರು 1989ರಲ್ಲಿ ಅಲಂಕಾರದ ಕುಂಡಕ್ಕೆ ಅಂತ ಮಾಡಿದ್ದು, ಒಂದು ಗೇಣು ಎತ್ತರ ಅಷ್ಟೇ, ಈಗ ಪ್ರಯೋಗಾಲಯಗಳಲ್ಲಿ ಟೊಮೆಟೊ ಸಂಶೋಧನೆಗೆ ಅದನ್ನೇ ಬಳಸುತ್ತಾರೆ. ರುಚಿ ಮಾತ್ರ ಸಾಧಾರಣ, ಮುಚ್ಚಿಟ್ಟು ಪ್ರಯೋಜನ ಇಲ್ಲ. ರೆಡ್ ರಾಬಿನ್ ಅದಕ್ಕಿಂತ ಸ್ವಲ್ಪ ದೊಡ್ಡದು, ರುಚಿಯೂ ಪರವಾಗಿಲ್ಲ. ಇದನ್ನೇ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಬೆಳೆಸಿ ನೋಡಿದ್ದಾರೆ. ಟೈನಿ ಟಿಮ್ ಹಳೆಯದು, 1945ರ ಕಾಲದ್ದು, ಇನ್ನೂ ಜನ ಬಿಟ್ಟಿಲ್ಲ. ಇವಕ್ಕೆ ಆರರಿಂದ ಎಂಟು ಇಂಚಿನ ಕುಂಡ ಸಾಕು, ಕೋಲು ಬೇಡ, ಚಿಗುರು ಚಿವುಟುವ ಕೆಲಸವೂ ಇಲ್ಲ.

ಸುಮ್ನೆ_ಬಂದವ
ಸ್ವಲ್ಪ ವಿಷಯಾಂತರ. ಬಾಹ್ಯಾಕಾಶ ನಿಲ್ದಾಣ ಅಂದಾಗ ನೆನಪಾಯ್ತು, 2023ರಲ್ಲಿ ಅಲ್ಲಿ ಫ್ರಾಂಕ್ ರುಬಿಯೊ ಅನ್ನುವ ಗಗನಯಾತ್ರಿ ಕೊಯ್ದ ಪುಟ್ಟ ಟೊಮೆಟೊ ಕಳೆದುಹೋಗಿತ್ತು. ಅವನೇ ತಿಂದು ಸುಳ್ಳು ಹೇಳ್ತಿದ್ದಾನೆ ಅಂತ ಉಳಿದವರು ತಿಂಗಳುಗಟ್ಟಲೆ ರೇಗಿಸಿದರು. ಅವನು ಭೂಮಿಗೆ ಬಂದ ಮೇಲೆ ಎಲ್ಲೋ ಮೂಲೆಯಲ್ಲಿ ಒಣಗಿದ್ದು ಸಿಕ್ಕಿತು. ಸರಿ, ಈಗ ಪ್ರಶ್ನೆ: ಆನ್‌ಲೈನ್‌ನಲ್ಲಿ ನೇರಳೆ ಬಣ್ಣದ "ಗ್ರೋ ಲೈಟ್" ಸಿಗುತ್ತಲ್ಲ, ಕ್ಲಿಪ್ ಇರೋದು, ಅದು ಆಗುತ್ತಾ?

ಎರೆಹುಳು
ಆ ಕ್ಲಿಪ್ ದೀಪ ತೆಗೆದುಕೊಳ್ಳಬೇಡಿ. ಡಬ್ಬಿ ಮೇಲೆ ಬರೆದಿರುವ ವ್ಯಾಟ್ ಒಂದು, ನಿಜವಾಗಿ ಎಳೆಯುವ ವ್ಯಾಟ್ ಇನ್ನೊಂದು. ಸಸಿಗೆ ಸಾಲಬಹುದು, ಕಾಯಿಗೆ ಸಾಲದು. ನೇರಳೆ ಬೆಳಕಿನಲ್ಲಿ ಎಲೆಯ ಬಣ್ಣವೇ ಗೊತ್ತಾಗಲ್ಲ, ಹಳದಿಯಾದರೂ ಹುಳ ಬಿದ್ದರೂ ಕಾಣಲ್ಲ. ಮನೆಯೊಳಗೆ ಕೂತವರಿಗೆ ತಲೆನೋವು ಬೇರೆ.

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಮಾಮೂಲಿ ಬಿಳಿ ಎಲ್‌ಇಡಿ ಬ್ಯಾಟನ್ (ಟ್ಯೂಬ್‌ಲೈಟ್ ತರಹದ ಉದ್ದ ದೀಪ) ಸಾಕು. ನಾಲ್ಕಡಿ ಉದ್ದ, 20 ವ್ಯಾಟ್, 6500 ಕೆಲ್ವಿನ್, ಅಂದರೆ ತಂಪು ಬಿಳಿ ಬಣ್ಣದ ಬೆಳಕು. ಎರಡು ಅಕ್ಕಪಕ್ಕ ಜೋಡಿಸಿ ಗಿಡದ ತುದಿಯಿಂದ ಆರು ಇಂಚು ಮೇಲೆ ಹಿಡಿದರೆ ಹತ್ತು ಸಾವಿರ ಲಕ್ಸ್ ಹತ್ತಿರ ಸಿಗುತ್ತದೆ. ಮೂರು ಹಾಕಿದರೆ ಇನ್ನೂ ಒಳ್ಳೆಯದು. ಬೆಳಕು ದೂರ ಹೋದಂತೆ ಬೇಗ ಬೇಗ ಕಡಿಮೆಯಾಗುತ್ತದೆ, ಆದ್ದರಿಂದ ಸೀಲಿಂಗ್‌ಗೆ ಹಾಕಿದ ಟ್ಯೂಬ್‌ಲೈಟ್ ಲೆಕ್ಕಕ್ಕಿಲ್ಲ. ಸರಪಳಿಯಲ್ಲೋ ದಾರದಲ್ಲೋ ನೇತುಹಾಕಿ, ಗಿಡ ಎತ್ತರವಾದಂತೆ ಮೇಲೆತ್ತಿ. ಕುಳ್ಳ ತಳಿ ಬೇಕು ಅನ್ನುವುದು ಇದಕ್ಕೂ ಸೇರಿಯೇ. ಐದಡಿ ಬಳ್ಳಿಗೆ ತುದಿಗೆ ಮಾತ್ರ ಬೆಳಕು, ಕೆಳಗಿನ ಎಲೆಗೆಲ್ಲ ಕತ್ತಲೆ.

ದಿನಕ್ಕೆ 14ರಿಂದ 16 ಗಂಟೆ. ಟೈಮರ್ ಪ್ಲಗ್ ಹಾಕಿಬಿಡಿ. 24 ಗಂಟೆ ಉರಿಸಿದರೆ ಜಾಸ್ತಿ ಕಾಯಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಟೊಮೆಟೊಗೆ ಕತ್ತಲೆ ಬೇಕೇ ಬೇಕು, ಬಿಡುವಿಲ್ಲದ ಬೆಳಕಿನಲ್ಲಿ ಎಲೆ ಹಳದಿ ಮಚ್ಚೆಯಾಗಿ ಹಾಳಾಗುತ್ತದೆ.

ಬಿಲ್_ನೋಡಿ_ಮಾತಾಡಿ
ಕರೆಂಟ್ ಬಿಲ್ ಯಾರು ಕಟ್ಟೋದು ಸ್ವಾಮಿ?

ಎರೆಹುಳು
ಮೂರು ಬ್ಯಾಟನ್, 60 ವ್ಯಾಟ್, 14 ಗಂಟೆ. ದಿನಕ್ಕೆ ಒಂದು ಯೂನಿಟ್ ಕೂಡ ಆಗಲ್ಲ. ತಿಂಗಳಿಗೆ 25 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ ನೂರೈವತ್ತು. ಗೃಹಜ್ಯೋತಿಯಲ್ಲಿ ಇರುವವರು ಮಾತ್ರ ಒಮ್ಮೆ ನೋಡಿಕೊಳ್ಳಿ, ಅಲ್ಲಿ 200 ಯೂನಿಟ್ ಅನ್ನುವುದು ಮೇಲಿನ ಮಿತಿ, ನಿಮ್ಮ ಮನೆಗೆ ಸಿಗುವುದು ನಿಮ್ಮ ಹಳೆಯ ಸರಾಸರಿಯ ಮೇಲೆ ಸ್ವಲ್ಪ ಮಾತ್ರ ಜಾಸ್ತಿ. ಟೊಮೆಟೊ ಅದನ್ನು ದಾಟಿಸಿದರೆ ಹೆಚ್ಚಿನದಕ್ಕೆ ದುಡ್ಡು ಕಟ್ಟಬೇಕು.

ಮ್ಯೂನಿಕ್_ಕನ್ನಡಿಗ
ನಮಗೆ ಇಲ್ಲಿ ಅದೇ 25 ಯೂನಿಟ್‌ಗೆ ಒಂಬತ್ತು ಹತ್ತು ಯೂರೋ ಬೀಳುತ್ತದೆ. ಆ ದುಡ್ಡಿಗೆ ಅಂಗಡಿಯಲ್ಲಿ ಟೊಮೆಟೊ ಬುಟ್ಟಿಗಟ್ಟಲೆ ಬರುತ್ತದೆ ಅಂತ ಹೆಂಡತಿ ಪ್ರತಿ ತಿಂಗಳೂ ಹೇಳುತ್ತಾಳೆ, ಸಾರಿಗೆ ಕೊಯ್ಯುವುದೂ ಅವಳೇ.

ಎಲ್‌ಇಡಿ ಬಗ್ಗೆ ಒಂದು ಸೇರಿಸುತ್ತೇನೆ. ಬರೀ ದೀಪದ ಕೆಳಗೆ ಬೆಳೆದ ಗಿಡದ ಎಲೆಯ ಅಡಿಯಲ್ಲಿ, ಕಾಂಡದ ಮೇಲೆ, ಸಣ್ಣ ಸಣ್ಣ ಗುಳ್ಳೆ ಬರಬಹುದು. ಬಿಳಿ ಹರಳು ಉಪ್ಪು ಅಂಟಿದ ಹಾಗೆ ಕಾಣುತ್ತದೆ, ಆಮೇಲೆ ಕಂದು ಆಗುತ್ತದೆ. ಹುಳದ ಮೊಟ್ಟೆ ಅಂದುಕೊಂಡು ಔಷಧಿ ಹೊಡೆಯುವವರು ಜಾಸ್ತಿ. ರೋಗ ಅಲ್ಲ, ಅಂಟುವುದೂ ಇಲ್ಲ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಈ ದೀಪಗಳಲ್ಲಿ ಇಲ್ಲದಿರುವುದು ಒಂದು ಕಾರಣ, ಮಣ್ಣು ಸದಾ ಒದ್ದೆ ಇದ್ದು ಗಾಳಿ ಆಡದಿದ್ದರೆ ಇನ್ನೂ ಜಾಸ್ತಿ. ಸಣ್ಣ ಟೇಬಲ್ ಫ್ಯಾನ್ ನಿಧಾನಕ್ಕೆ ಬೀಸುತ್ತಿರಲಿ, ನೀರು ಕಡಿಮೆ ಮಾಡಿ. ಫ್ಯಾನ್‌ನಿಂದ ಕಾಂಡವೂ ದಪ್ಪ ಆಗುತ್ತದೆ.

ಕೋಲಾರ_ಕೆಂಪು
ನಾವು ಟೊಮೆಟೊ ಬೆಳೆಯೋರು, ಹೊಲದಲ್ಲಿ. ಈ ದೀಪದ ಲೆಕ್ಕ ನೋಡಿ ನಗು ಬರುತ್ತದೆ, ಬೇಜಾರು ಮಾಡ್ಕೋಬೇಡಿ. ಆದರೆ ರೋಗದ ಬಗ್ಗೆ ಒಂದು ಮಾತು ಹೇಳಬೇಕು, ಒಳಗಿದೆ ಅಂದ್ರೆ ಬರಲ್ಲ ಅಂತ ನಂಬಿಕೊಂಡು ಕೂರಬೇಡಿ.

ಬಿಳಿ ನೊಣ ಕಿಟಕಿಯ ಸೊಳ್ಳೆ ಪರದೆಯಲ್ಲೂ ತೂರುತ್ತದೆ, ಅಷ್ಟು ಸಣ್ಣ. ಗಿಡ ಅಲುಗಿಸಿದರೆ ಬೂದಿ ಹಾರಿದಂಗೆ ಏಳುತ್ತವೆ. ಅದು ರಸ ಹೀರೋದಕ್ಕಿಂತ ಹೆಚ್ಚು ಕೆಡಿಸೋದು ಎಲೆ ಮುದುಡು ರೋಗ ತರುವುದರಿಂದ. ಹೊಸ ಎಲೆ ಸಣ್ಣಗಾಗಿ, ಮೇಲಕ್ಕೆ ಮುದುಡಿ, ಅಂಚು ಹಳದಿಯಾಗಿ, ಗಿಡ ಗಿಡ್ಡ ಆಗಿ ನಿಂತರೆ ಅದು ವೈರಸ್. ಅದಕ್ಕೆ ಮದ್ದಿಲ್ಲ. ಕಿತ್ತು ಕವರ್‌ನಲ್ಲಿ ಕಟ್ಟಿ ಬಿಸಾಕಬೇಕು, ಪಕ್ಕದ ಗಿಡ ಉಳೀಬೇಕು ಅಂದ್ರೆ. ಹಳದಿ ಅಂಟು ಕಾರ್ಡ್ ಎರಡು ಕಟ್ಟಿ, ಎಷ್ಟು ನೊಣ ಇದೆ ಅಂತ ಗೊತ್ತಾಗುತ್ತದೆ. ಬೇವಿನ ಎಣ್ಣೆ ಲೀಟರಿಗೆ ಮೂರರಿಂದ ಐದು ಎಂ.ಎಲ್., ಎರಡು ತೊಟ್ಟು ಸೋಪಿನ ನೀರು ಸೇರಿಸಿ ಎಲೆಯ ಅಡಿಗೆ ಹೊಡೀಬೇಕು, ಸಂಜೆ. ಮೇಲೆ ಹೊಡೆದರೆ ಏನೂ ಆಗಲ್ಲ, ಹುಳ ಇರೋದು ಅಡಿಯಲ್ಲಿ.

ಎಲೆ ಮೇಲೆ ಬಿಳಿ ಗೆರೆ ಗೆರೆ ಕಂಡರೆ ಅದು ರಂಗೋಲಿ ಹುಳು. ಒಂದೆರಡು ಎಲೆ ಆದರೆ ಕಿತ್ತರೆ ಮುಗೀತು.

ಬೀಜ ಕೇಳೋರಿಗೆ: ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ರಕ್ಷಕ್ ತಳಿ ಎಲೆ ಮುದುಡು, ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆಯುತ್ತದೆ ಅಂತ ಕೆಲವರು ಅದನ್ನೇ ಮನೆಗೆ ತರ್ತಾರೆ. ಅದು ಚೆರ್ರಿ ಅಲ್ಲ, ದಪ್ಪ ಕಾಯಿ, ಹೊಲಕ್ಕೆ ಮಾಡಿದ್ದು. ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಚೆರ್ರಿ ಟೊಮೆಟೊ-1 ಚೆರ್ರಿ ಹೌದು, ಆದರೆ ಪಾಲಿಹೌಸ್‌ಗೆ, ಬಳ್ಳಿ ಜಾತಿ.

ಗೀತಾ_ನಾಗರಭಾವಿ
ನಮ್ಮ ಗಿಡದ ಕೆಳಗಿನ ಎಲೆಗಳು ಒಳಕ್ಕೆ ಸುರುಳಿ ಸುತ್ತಿವೆ ಅಣ್ಣ. ಇದೂ ವೈರಸ್ಸಾ? ಭಯ ಆಗ್ತಿದೆ.

ಕೋಲಾರ_ಕೆಂಪು
ಕೆಳಗಿನ ಹಳೇ ಎಲೆ, ದಪ್ಪಗೆ, ಹಸಿರಾಗೇ ಇದ್ದು ಸುರುಳಿ ಆಗಿದ್ರೆ ಅಲ್ಲ ಅಕ್ಕ. ಅದು ನೀರು ಹೆಚ್ಚುಕಮ್ಮಿ ಆದಾಗ, ಸೆಕೆ ಆದಾಗ ಆಗುತ್ತೆ. ವೈರಸ್ಸು ಯಾವಾಗಲೂ ತುದಿಯಿಂದ ತೋರಿಸೋದು. ತುದಿ ನೋಡಿ.

ಕುಡ್ಲದ_ಕೈತೋಟ
ನಮ್ಮದು ಮಂಗಳೂರು. ಪೂರ್ವದ ಬಾಲ್ಕನಿ, ಬಿಸಿಲಿಗೆ ಏನೂ ಕೊರತೆ ಇಲ್ಲ. ಗಿಡ ದಷ್ಟಪುಷ್ಟ, ಹೂವು ರಾಶಿ. ಆದರೂ ಒಂದು ಕಾಯಿ ನಿಲ್ಲುವುದಿಲ್ಲ ಮಾರಾಯ್ರೆ. ಬೆಳಕೇ ಎಲ್ಲ ಅಂತ ಹೇಳುವವರು ಇದಕ್ಕೆ ಏನು ಹೇಳುತ್ತೀರಿ?

ಎರೆಹುಳು
ಒಳ್ಳೆ ಪ್ರಶ್ನೆ. ನಿಮ್ಮಲ್ಲಿ ತೊಂದರೆ ರಾತ್ರಿಯದ್ದು. ಟೊಮೆಟೊ ಹೂವಿಗೆ ರಾತ್ರಿ 15ರಿಂದ 21 ಡಿಗ್ರಿ ಇದ್ದರೆ ಹಿತ. ಹಗಲು 32 ದಾಟಿ ರಾತ್ರಿಯೂ 24ಕ್ಕಿಂತ ಕೆಳಗಿಳಿಯದಿದ್ದರೆ ಪರಾಗವೇ ಸರಿಯಾಗಿ ತಯಾರಾಗುವುದಿಲ್ಲ. ಬೆಂಗಳೂರಿಗೆ ದೇವರು ಕೊಟ್ಟ ವರ ಇದು, ಹೆಚ್ಚುಕಡಿಮೆ ವರ್ಷಪೂರ್ತಿ ರಾತ್ರಿ ತಂಪು. ಕರಾವಳಿಯಲ್ಲಿ ಡಿಸೆಂಬರ್, ಜನವರಿ ಬಿಟ್ಟರೆ ಆ ತಂಪು ಸಿಗುವುದೇ ಕಷ್ಟ. ಜೊತೆಗೆ ನಿಮ್ಮ ಗಾಳಿಯಲ್ಲಿ ತೇವ ಜಾಸ್ತಿ, ಪರಾಗ ಅಂಟಂಟಾಗಿ ಹೂವಿನೊಳಗೇ ಮುದ್ದೆ ಕಟ್ಟುತ್ತದೆ.

ಸೆಪ್ಟೆಂಬರ್ ಕೊನೆಗೆ ಬೀಜ ಹಾಕಿ, ಹೂವು ಡಿಸೆಂಬರ್ ಹೊತ್ತಿಗೆ ಬರುವ ಹಾಗೆ ನೋಡಿಕೊಳ್ಳಿ. ದಪ್ಪ ಟೊಮೆಟೊಗಿಂತ ಚೆರ್ರಿ ಜಾತಿ ಸೆಕೆ ಸ್ವಲ್ಪ ತಡೆಯುತ್ತದೆ, ಆದ್ದರಿಂದ ಚೆರ್ರಿಯನ್ನು ಬಿಡಬೇಡಿ.

ಕುಡ್ಲದ_ಕೈತೋಟ
ಹಾಗಾದರೆ ಈಗಿನ ಗಿಡ ಕಿತ್ತು ಅಲ್ಲಿ ಬಸಳೆ ಹಾಕುತ್ತೇನೆ. ಅದಕ್ಕೆ ರಾತ್ರಿ ಎಷ್ಟು ಡಿಗ್ರಿ ಅಂತ ಯಾರೂ ಕೇಳುವುದಿಲ್ಲ.

ಹೂವಿನ_ಹುಚ್ಚಿ
ಪರಾಗದ ಮಾತು ಬಂತಲ್ಲ, ನಾನು ಕಾಯುತ್ತಿದ್ದೆ. ಮನೆಯೊಳಗೆ ಜೇನು ಬರಲ್ಲ, ಅದಕ್ಕೆ ಕಾಯಿ ಕಟ್ಟಲ್ಲ ಅಂತ ತುಂಬ ಜನ ಬರೆಯುತ್ತಾರೆ. ಅರ್ಧ ಸರಿ. ಟೊಮೆಟೊ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಒಂದೇ ಹೂವಿನೊಳಗಿವೆ. ಒಂದು ಹೂವು ಕೈಯಲ್ಲಿ ಹಿಡಿದು ನೋಡಿ. ಹಳದಿ ದಳ ಹಿಂದಕ್ಕೆ ಬಾಗಿರುತ್ತದೆ, ಮಧ್ಯೆ ಮುಂದಕ್ಕೆ ಚೂಪಾದ ಹಳದಿ ಕೊಳವೆ ಇರುತ್ತದೆ. ಆ ಕೊಳವೆ ಅಂದರೆ ಪರಾಗಕೋಶಗಳು ಒಂದಕ್ಕೊಂದು ಅಂಟಿಕೊಂಡು ಆದದ್ದು, ಹೆಣ್ಣು ಭಾಗ ಅದರೊಳಗೆ ಅಡಗಿದೆ. ಪರಾಗ ಇರುವುದು ಕೊಳವೆಯ ಒಳಗಡೆ. ಹೊರಗಿನಿಂದ ಬ್ರಷ್ ಆಡಿಸಿದರೆ ಏನೂ ಸಿಗಲ್ಲ, ಅಲುಗಿಸಬೇಕು, ಆಗ ಉದುರುತ್ತದೆ.

ಹೊರಗೆ ಈ ಕೆಲಸ ಗಾಳಿ ಮಾಡುತ್ತದೆ, ದುಂಬಿ ಮಾಡುತ್ತದೆ. ಕಪ್ಪು ದುಂಬಿ, ನೀಲಿ ಪಟ್ಟೆಯ ಜೇನು, ಇವು ಹೂವನ್ನು ತಬ್ಬಿ ಹಿಡಿದು ರೆಕ್ಕೆ ಆಡಿಸದೆ ಮೈ ಮಾತ್ರ ಝೇಂಕರಿಸಿ ಪರಾಗ ಬೀಳಿಸುತ್ತವೆ. ನಮ್ಮ ಪೆಟ್ಟಿಗೆ ಜೇನಿಗೆ ಆ ವಿದ್ಯೆ ಬರಲ್ಲ. ಟೊಮೆಟೊ ಹೂವಿನಲ್ಲಿ ಮಕರಂದವೂ ಇಲ್ಲ, ಅದು ಬಂದರೂ ಹೆಚ್ಚು ಹೊತ್ತು ನಿಲ್ಲಲ್ಲ. ಬೆಲ್ಜಿಯಂ, ನೆದರ್ಲೆಂಡ್ಸ್‌ನ ಗಾಜಿನ ಮನೆಗಳಲ್ಲಿ 1980ರ ದಶಕದ ಕೊನೆಯವರೆಗೂ ಕೆಲಸದವರು ಕಂಪಿಸುವ ಕೋಲು ಹಿಡಿದು ಗೊಂಚಲು ಗೊಂಚಲಿಗೂ ಮುಟ್ಟಿಸುತ್ತ ಓಡಾಡುತ್ತಿದ್ದರು, ಆಮೇಲೆ ಸಾಕಿದ ದೊಡ್ಡ ದುಂಬಿಗಳನ್ನು ಡಬ್ಬಿಯಲ್ಲಿ ತಂದು ಬಿಡುವುದು ಶುರುವಾಯ್ತು.

ನಿಮಗೆ ಬೇಕಾಗಿರುವುದು ಬ್ಯಾಟರಿಯ ಹಲ್ಲುಜ್ಜುವ ಬ್ರಷ್. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ, ಹೂಗೊಂಚಲಿನ ತೊಟ್ಟಿಗೆ ಹಿಂದಿನಿಂದ ಎರಡು ಮೂರು ಸೆಕೆಂಡ್ ಮುಟ್ಟಿಸಿ. ಹೂವಿಗೆ ಅಲ್ಲ, ತೊಟ್ಟಿಗೆ. ಆಗುತ್ತಿದೆಯೋ ಇಲ್ಲವೋ ನೋಡಬೇಕು ಅಂದರೆ ಆರಿಸಿದ ಮೊಬೈಲ್ ಸ್ಕ್ರೀನನ್ನು ಹೂವಿನ ಕೆಳಗೆ ಹಿಡಿಯಿರಿ, ಕಪ್ಪು ಗಾಜಿನ ಮೇಲೆ ಹಳದಿ ಪುಡಿ ಬೀಳುವುದು ಕಾಣುತ್ತದೆ. ಏನೂ ಬೀಳದಿದ್ದರೆ ಹೂವು ಇನ್ನೂ ಎಳೆಯದು ಅಥವಾ ಗಾಳಿ ತುಂಬ ತೇವ ಇದೆ, ನಾಳೆ ಮಾಡಿ. ಬ್ರಷ್ ಇಲ್ಲದಿದ್ದರೆ ಬೆರಳಲ್ಲಿ ಗೊಂಚಲಿಗೆ ಟಪ್ ಟಪ್ ಅಂತ ಹೊಡೆದರೂ ನಡೆಯುತ್ತದೆ, ದಿನಾ ಮಾಡಬೇಕು ಅಷ್ಟೇ.

ಗೀತಾ_ನಾಗರಭಾವಿ
ಇದು ಗೊತ್ತೇ ಇರಲಿಲ್ಲ. ಮಗನ ಹಳೇ ಬ್ರಷ್ ಇದೆ, ನಾಳೆನೇ ಮಾಡುತ್ತೇನೆ. ಆದರೆ ನೀವೆಲ್ಲ ಗೊಬ್ಬರದ ಪ್ರಶ್ನೆ ಹಾಗೇ ಬಿಟ್ಟುಬಿಟ್ಟಿರಿ.

ಎರೆಹುಳು
ಬಿಟ್ಟಿಲ್ಲ. ಎಪ್ಸಮ್ ಸಾಲ್ಟ್ ಮೊದಲು ನಿಲ್ಲಿಸಿ. ಅದು ಮೆಗ್ನೀಶಿಯಂ. ಕೊರತೆ ಇದ್ದಾಗ ಮಾತ್ರ ಬೇಕು. ಸುಮ್ನೆ ಹಾಕುತ್ತ ಹೋದರೆ ಬೇರು ಕ್ಯಾಲ್ಸಿಯಂ ತಗೊಳ್ಳುವುದಕ್ಕೆ ಅದೇ ಅಡ್ಡ ಬರುತ್ತದೆ. ಮೊಟ್ಟೆ ಸಿಪ್ಪೆ ಹಾಕಿದರೆ ತಪ್ಪಿಲ್ಲ, ಆದರೆ ಅದು ಮಣ್ಣಿನಲ್ಲಿ ಕರಗಿ ಗಿಡಕ್ಕೆ ಸಿಗುವ ಹೊತ್ತಿಗೆ ಈ ಗಿಡವೇ ಇರಲ್ಲ. ಕಾಯಿಯ ತಳ ಕಪ್ಪಾಗಿ ಕೊಳೆಯುವುದಕ್ಕೆ ಎಲ್ಲರೂ ಸಿಪ್ಪೆ ಸಿಪ್ಪೆ ಅನ್ನುತ್ತಾರೆ, ಅಲ್ಲಿ ಹೆಚ್ಚಿನ ಸಲ ಮಣ್ಣಿನಲ್ಲಿ ಕ್ಯಾಲ್ಸಿಯಂ ಇರುತ್ತದೆ, ಒಂದು ದಿನ ಒಣಗಿಸಿ ಒಂದು ದಿನ ಮುಳುಗಿಸಿ ನೀರು ಕೊಟ್ಟಿದ್ದರಿಂದ ಅದು ಕಾಯಿಯ ತುದಿಗೆ ತಲುಪಿರಲ್ಲ. ಚೆರ್ರಿಗೆ ಆ ಕಾಟ ಕಡಿಮೆಯೇ.

ಮಣ್ಣಿಗೆ ಕೆಮ್ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಹುಳು ಗೊಬ್ಬರ ಸಮಸಮ, ಒಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ ಹಿಂಡಿ ಎರಡು ಮೂರು ಸಲ ತೊಳೆಯಿರಿ, ಅದರಲ್ಲಿ ಉಪ್ಪಿನಂಶ ಇರುತ್ತದೆ. ಕುಂಡದ ತೂತು ದೊಡ್ಡದಿರಲಿ. ಇದಾದ ಮೇಲೆ 19:19:19, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವ ನೀರಲ್ಲಿ ಕರಗುವ ಗೊಬ್ಬರ, ಲೀಟರಿಗೆ ಒಂದು ಗ್ರಾಂ, ವಾರಕ್ಕೊಮ್ಮೆ. ಹೂವು ಶುರುವಾದ ಮೇಲೆ ಪೊಟ್ಯಾಷ್ ಜಾಸ್ತಿ ಇರುವುದಕ್ಕೆ ಬದಲಾಯಿಸಿ. ಸಾರಜನಕ ಜಾಸ್ತಿ ಆದರೆ ಎಲೆ ಕಡು ಹಸಿರಾಗಿ ಮೆರೆಯುತ್ತದೆ, ಕಾಯಿ ಇರಲ್ಲ.

ಅಮ್ಮನ_ಮದ್ದು
ರಾಸಾಯನಿಕ ಹಾಕಿ ತಿನ್ನುವುದಾದರೆ ಮನೆಯಲ್ಲಿ ಯಾಕೆ ಬೆಳೀಬೇಕು? ನಾನು ಕಡಲೆಕಾಯಿ ಹಿಂಡಿ ನೆನೆಸಿದ ನೀರನ್ನೇ ಕೊಡೋದು, ಗಿಡ ಕಣ್ಣಿಗೆ ಹಬ್ಬ.

ಮ್ಯೂನಿಕ್_ಕನ್ನಡಿಗ
ಒಳಗಡೆ ಹಿಂಡಿ ನೀರಾ? ವಾಸನೆಗೆ ಪಕ್ಕದ ಫ್ಲಾಟಿನವರು ಬಾಗಿಲು ತಟ್ಟುತ್ತಾರೆ. ಅದಕ್ಕಿಂತ ಹೆಚ್ಚಾಗಿ ಕುಂಡದ ಮೇಲೆ ಸಣ್ಣ ಕರಿ ನೊಣ ಗುಯ್ ಅಂತ ಏಳುತ್ತವೆ.

ಅಮ್ಮನ_ಮದ್ದು
ನಮ್ಮದು ಬಾಲ್ಕನಿ, ಹೊರಗೆ. ಒಳಗಡೆಗೆ ಹೇಳಿದ್ದಲ್ಲ ನಾನು. ಸರಿ, ಒಳಗಿರುವವರು ಎರೆಹುಳು ಗೊಬ್ಬರ ತಿಂಗಳಿಗೆ ಎರಡು ಹಿಡಿ ಹಾಕಿ, ಸಾಕು. ನೀರಿನ ಬಗ್ಗೆ ಯಾರೂ ಹೇಳಲಿಲ್ಲ ನೋಡಿ. ಅಡುಗೆಮನೆಯ ಆರ್‌ಓ ಮೆಷಿನ್‌ನಿಂದ ಆಚೆ ಬರುವ ನೀರು ವ್ಯರ್ಥ ಆಗಬಾರದು ಅಂತ ಗಿಡಕ್ಕೆ ಸುರಿಯುತ್ತಾರೆ. ಬೋರ್‌ವೆಲ್ ನೀರಿನ ಉಪ್ಪೆಲ್ಲ ಅದರಲ್ಲೇ ಇಳಿದಿರುತ್ತದೆ. ನೆಲ ಒರೆಸಿ, ಕುಂಡಕ್ಕೆ ಬೇಡ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಒಮ್ಮೆ ಕಾವೇರಿ ನೀರನ್ನೋ ಮಳೆ ನೀರನ್ನೋ ಧಾರಾಳವಾಗಿ ಹರಿಸಿ ತೊಳೆಯಿರಿ.

ಎರೆಹುಳು
ಈ ಮಾತು ಬಂಗಾರ. ಪೂರ್ತಿ ಒಪ್ಪಿದೆ.

ಗೀತಾ ಅವರೇ, ಈಗಿರುವ ಗಿಡಗಳನ್ನು ಎಸೆಯಬೇಡಿ. ತುದಿಯ ಒಂದು ಗೇಣು ಕತ್ತರಿಸಿ, ಕೆಳಗಿನ ಎಲೆ, ಹೂವು ತೆಗೆದು ಲೋಟದ ನೀರಿನಲ್ಲಿ ಇಡಿ. ವಾರ ಹತ್ತು ದಿನದಲ್ಲಿ ಬೇರು ಬರುತ್ತದೆ. ಟೊಮೆಟೊ ಕಾಂಡದ ಮೈಯೆಲ್ಲ ಬೇರು ಬಿಡುವ ಗುಣ ಇದೆ, ಅದಕ್ಕೇ ನೆಡುವಾಗ ಅರ್ಧ ಕಾಂಡ ಮಣ್ಣಿನೊಳಗೆ ಹೋಗುವ ಹಾಗೆ ಆಳಕ್ಕೆ ನೆಡಿ. ನಿಮ್ಮದು ಬಳ್ಳಿ ಜಾತಿ, ಆದ್ದರಿಂದ 12 ಇಂಚಿಗೆ ಕಡಿಮೆ ಇಲ್ಲದ ಕುಂಡ ಬೇಕು. ಒಂದೇ ಕಾಂಡ ಬಿಟ್ಟು, ಎಲೆ ಮತ್ತು ಕಾಂಡದ ಸಂದಿಯಲ್ಲಿ ಹುಟ್ಟುವ ಚಿಗುರನ್ನೆಲ್ಲ ಎಳೆಯದಾಗಿರುವಾಗಲೇ ಚಿವುಟಿ. ಚಿವುಟಿದ ಬೆರಳು ಹಸಿರು ಹಳದಿಯಾಗಿ, ಆಮೇಲೆ ಕಪ್ಪಗಾಗುತ್ತದೆ, ಸೋಪು ಹಾಕಿದರೆ ನೊರೆಯೂ ಹಳದಿ ಬರುತ್ತದೆ, ಗಾಬರಿ ಬೇಡ.

ಬಿಲ್_ನೋಡಿ_ಮಾತಾಡಿ
ಬ್ಯಾಟನ್, ಟೈಮರ್, ಕುಂಡ, ಕೋಕೋಪೀಟ್, ಬೀಜ. ಎಲ್ಲ ಸೇರಿಸಿ ಎಷ್ಟಾಯ್ತು? ಸೂಪರ್ ಮಾರ್ಕೆಟ್‌ನಲ್ಲಿ ಇನ್ನೂರು ಗ್ರಾಂ ಡಬ್ಬಿ ಸಿಗುತ್ತೆ ಕಣ್ರಪ್ಪ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ದಾಟಿದಾಗಲೂ ಎಲ್ಲರೂ ಕುಂಡ ತಂದರು, ಸೆಪ್ಟೆಂಬರ್‌ಗೆ ಬೆಲೆ ಬಿತ್ತು, ಕುಂಡ ಖಾಲಿ.

ಕೋಲಾರ_ಕೆಂಪು
ಬೆಲೆ ಬಿದ್ದಾಗ ರಸ್ತೆ ಬದಿಗೆ ಸುರಿದು ಬರೋರು ನಾವು, ಆ ಲೆಕ್ಕ ನಮ್ಮ ಹತ್ರ ಕೇಳಿ. ಇವರದ್ದು ಖುಷಿಗೆ ಬೆಳೆಯೋದು, ಬೆಳೀಲಿ ಬಿಡಿ. ದುಡ್ಡು ಉಳಿಸೋಕೆ ಅಂತ ಮಾತ್ರ ಯಾರೂ ಇಳೀಬೇಡಿ.

ಗೀತಾ_ನಾಗರಭಾವಿ
(ಅಕ್ಟೋಬರ್‌ನಲ್ಲಿ ಬರೆಯುತ್ತಿದ್ದೇನೆ) ಮೂರು ಬ್ಯಾಟನ್ ಹಳೇ ಪುಸ್ತಕದ ಕಪಾಟಿಗೆ ಕಟ್ಟಿದೆವು. ಮೂರು ಗಿಡದಲ್ಲಿ ಒಂದರ ತುದಿ ಬೇರು ಬಿಟ್ಟು ಚೆನ್ನಾಗಿ ಹಿಡಿಯಿತು, ಅದನ್ನು ಕಿಟಕಿಗೇ ಇಟ್ಟಿದ್ದೇನೆ, ಈಗ ಬೆಳಿಗ್ಗೆಯಿಂದ ಬಿಸಿಲು ಒಳಗೆ ಬರುತ್ತಿದೆ. ಮೊದಲ ಗೊಂಚಲಿನಲ್ಲಿ ಕಾಯಿ ನಿಂತಿದೆ! ಬ್ರಷ್ ಹಿಡಿಯುವ ಕೆಲಸ ಮಗನದ್ದು, ಶಾಲೆಗೆ ರಜೆ ಇದ್ದ ದಿನ ಮಾತ್ರ, ಉಳಿದ ದಿನ ನಾನು. ಕಪಾಟಿನಲ್ಲಿ ಟೈನಿ ಟಿಮ್ ಸಸಿ ನಾಲ್ಕೆಲೆ ಆಗಿದೆ. ಈಗ ಹೊಸ ತಲೆನೋವು: ಎಲೆ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ಬಿಳಿ ಚುಕ್ಕೆ, ಅಡಿಯಲ್ಲಿ ಏನೋ ತೀರಾ ಸಣ್ಣದು ಓಡಾಡುತ್ತಿದೆ.

ಹೂವಿನ_ಹುಚ್ಚಿ
ನುಸಿ. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ, ಬಿದ್ದ ಚುಕ್ಕೆಗಳು ನಡೆಯಲು ಶುರು ಮಾಡಿದರೆ ಖಚಿತ. ಒಣ ಗಾಳಿ ಅದಕ್ಕೆ ಇಷ್ಟ, ಮಳೆ ನಿಂತ ಮೇಲೆ ಬರುತ್ತದೆ. ಬಚ್ಚಲಿಗೆ ಒಯ್ದು ಎಲೆಯ ಅಡಿಗೆ ಶವರ್ ಜೋರಾಗಿ ಹಿಡಿಯಿರಿ, ಮೂರು ದಿನ ಬಿಟ್ಟು ಮತ್ತೆ, ಆಮೇಲೆ ಮತ್ತೆ. ಬಲೆ ಕಟ್ಟುವ ಹಂತಕ್ಕೆ ಬಿಡಬೇಡಿ. ಸಸಿಗಳನ್ನು ದೂರ ಇಡಿ.

ಮ್ಯೂನಿಕ್_ಕನ್ನಡಿಗ
ಕಾಯಿ ಹಣ್ಣಾಗುವಾಗ ನೀರು ಒಂದೇ ಸಮ ಇರಲಿ. ಒಣಗಲು ಬಿಟ್ಟು ಒಮ್ಮೆಲೇ ತುಂಬ ಕೊಟ್ಟರೆ ಚೆರ್ರಿ ಸಿಪ್ಪೆ ಟಪ್ ಅಂತ ಸೀಳುತ್ತದೆ. ಇನ್ನೊಂದು, ರೂಮು 30 ಡಿಗ್ರಿ ದಾಟಿದರೆ ಕೆಂಪು ಬರಲ್ಲ, ಕಿತ್ತಳೆ ಬಣ್ಣದಲ್ಲೇ ನಿಂತುಬಿಡುತ್ತದೆ, ಬೆಂಗಳೂರಿನಲ್ಲಿ ಈಗ ಆ ಚಿಂತೆ ಇಲ್ಲ.

ಸುಮ್ನೆ_ಬಂದವ
ಸೂಪರ್ ಮಾರ್ಕೆಟ್ ಡಬ್ಬಿಯ ಹಣ್ಣಿನಿಂದಲೇ ಬೀಜ ತೆಗೆದು ಹಾಕಬಹುದಾ? ಪುಕ್ಕಟೆ ಅಲ್ವಾ.

ಎರೆಹುಳು
ಮೊಳಕೆ ಬರುತ್ತದೆ. ಆದರೆ ಅವು ಹೆಚ್ಚಾಗಿ ಹೈಬ್ರಿಡ್, ಮಗಳು ತಾಯಿಯ ಹಾಗೆ ಬರುವ ಭರವಸೆ ಇಲ್ಲ, ಜೊತೆಗೆ ಎಲ್ಲ ಬಳ್ಳಿ ಜಾತಿ. ಟೈನಿ ಟಿಮ್ ತರಹದ್ದು ಹೈಬ್ರಿಡ್ ಅಲ್ಲ, ಅದರ ಬೀಜ ಇಟ್ಟುಕೊಂಡರೆ ಹಾಗೇ ಬರುತ್ತದೆ. ಪೂರ್ತಿ ಹಣ್ಣಾದದ್ದನ್ನು ಹಿಂಡಿ, ಲೋಳೆ ಸಮೇತ ಲೋಟದಲ್ಲಿ ಎರಡು ಮೂರು ದಿನ ಹುಳಿ ಬರಲು ಬಿಡಿ. ಲೋಳೆ ಕಳಚಿ ಬೀಜ ತಳಕ್ಕೆ ಕೂರುತ್ತದೆ, ಮೇಲೆ ತೇಲಿದ್ದು ಚೆಲ್ಲಿ, ತೊಳೆದು, ತಟ್ಟೆಯಲ್ಲಿ ನೆರಳಲ್ಲಿ ಒಣಗಿಸಿ. ಕಾಗದದ ಮೇಲೆ ಬೇಡ, ಅಂಟಿಕೊಂಡು ಬಿಡಲ್ಲ.

ಕುಡ್ಲದ_ಕೈತೋಟ
ಗೀತಕ್ಕ, ಟೈನಿ ಟಿಮ್ ಬೀಜ ಆದಾಗ ನನಗೆ ಹತ್ತು ತೆಗೆದಿಡಿ. ಬದಲಿಗೆ ಬಸಳೆ ಬೀಜ ಕಳಿಸುತ್ತೇನೆ.

ಗೀತಾ_ನಾಗರಭಾವಿ
ಖಂಡಿತ. ಬಸಳೆಗೆ ದೀಪ ಬೇಡ ತಾನೇ?